ಕಾಲು ಮೈಲಿ

ಡಾಡ್ಜ್ ಎಂಬ ಹೆಸರು ಅಮೆರಿಕದ್ದೆಂದು ಚಿಕ್ಕಂದಿನಲ್ಲಿ ನನಗೆ ಹೊಳೆದೇ ಇರಲಿಲ್ಲ. ನಮ್ಮ ಕಡೆ ಅದು ಲಾರಿಯ ಹೆಸರು. ಮುಂಬಯಿಯ ಪ್ರೀಮಿಯರ್ ಕಂಪನಿ 1947ರಿಂದ ಜೋಡಿಸಿ ಮಾರುತ್ತಿದ್ದ ಡಾಡ್ಜ್, ಫಾರ್ಗೋ ಲಾರಿಗಳು ಮಂಡ್ಯದ ಕಬ್ಬನ್ನೋ ಕೊಡಗಿನ ಕಾಫಿಯನ್ನೋ ಹೊತ್ತು ಮೈಸೂರು ದಾಟಿ ಹೋಗುತ್ತಿದ್ದವು. ನಮ್ಮ ಸೋದರಮಾವನ ಹತ್ತಿರ ಅಂಥದೊಂದು ಫಾರ್ಗೋ ಇತ್ತು. ಅವರು ಬಾನೆಟ್ ಎತ್ತಿದ ಸದ್ದು ಕೇಳಿದರೆ ಸಾಕು, ಶಾಲೆಯ ಚೀಲವನ್ನು ಜಗಲಿಗೆ ಎಸೆದು ಓಡುತ್ತಿದ್ದೆ. ಕಾಲೇಜಿಗೆ ಬಂದ ಮೇಲೆ, ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ನಮ್ಮ ಸಂಸ್ಥಾನಕ್ಕೊಂದು ಕಾರು ಕಾರ್ಖಾನೆ ತರಲು ಎಷ್ಟು ಒದ್ದಾಡಿದರು, ಬ್ರಿಟಿಷ್ ಸರ್ಕಾರ ಹೇಗೆ ಅದಕ್ಕೆ ಕೈಜೋಡಿಸಲಿಲ್ಲ ಎಂಬುದನ್ನು ಮೇಷ್ಟ್ರೊಬ್ಬರು ನೋವಿನಿಂದ ಹೇಳುತ್ತಿದ್ದರು. ಕಾರು ಕಾರ್ಖಾನೆ ಬಂದರೆ ಒಂದು ಊರಿಗೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು 1968ರಲ್ಲಿ, ಡೆಟ್ರಾಯಿಟ್‌ನಲ್ಲಿ.

ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದಲು ಹೋಗಿದ್ದೆ. ಕಡಿಮೆ ಬಾಡಿಗೆಯ ಕೋಣೆ ಹುಡುಕುತ್ತ ಹುಡುಕುತ್ತ ಹ್ಯಾಮ್‌ಟ್ರಾಮಿಕ್ ಸೇರಿದೆ. ಅದು ಡೆಟ್ರಾಯಿಟ್ ನಗರದ ನಡುವೆಯೇ ಇರುವ, ಆದರೆ ತನ್ನದೇ ಪುರಸಭೆಯುಳ್ಳ ಪುಟ್ಟ ಊರು. ಆಗ ಅಲ್ಲಿದ್ದವರಲ್ಲಿ ಬಹುಪಾಲು ಪೋಲಿಷ್ ಮೂಲದವರು. ಊರಿನ ಒಂದು ತುದಿಯಲ್ಲಿ ಡಾಡ್ಜ್ ಮೇನ್ ಎಂಬ ಬೃಹತ್ ಕಾರ್ಖಾನೆ. ಪಾಳಿ ಬದಲಾಗುವ ಹೊತ್ತಿಗೆ ಬೀದಿಗಳು ಊಟದ ಡಬ್ಬಿ ಹಿಡಿದವರಿಂದ ತುಂಬಿಹೋಗುತ್ತಿದ್ದವು. ನನಗೆ ಕೋಣೆ ಕೊಟ್ಟ ಯಜಮಾನರು ಅಲ್ಲಿ ಟೂಲ್ ಅಂಡ್ ಡೈ ಮೇಕರ್. ಇಂಚಿನ ಸಾವಿರದಲ್ಲೊಂದು ಪಾಲಿನ ಏರುಪೇರನ್ನು ಬೆರಳ ತುದಿಯಲ್ಲಿ ಸವರಿ ಹೇಳುತ್ತಿದ್ದರು, ಆಮೇಲೆ ಮೈಕ್ರೋಮೀಟರ್ ಹಿಡಿದು ನನಗೆ ತೋರಿಸುತ್ತಿದ್ದರು. ಅವರ ಮಗ ಹೆಚ್ಚುಕಡಿಮೆ ನನ್ನದೇ ವಯಸ್ಸಿನವನು, ಅದೇ ಕಾರ್ಖಾನೆಯ ಲೈನಿನಲ್ಲಿ ಕೆಲಸ. ಮನೆಯ ಹಿಂದಿನ ಓಣಿಗೆ ಬಾಗಿಲು ತೆರೆಯುವ ಮರದ ಗ್ಯಾರೇಜಿನಲ್ಲಿ ಅವನ ಕಾರು ಇತ್ತು.

1964ರ ಪ್ಲಿಮತ್ ಸವಾಯ್. ಎರಡು ಬಾಗಿಲು, ಮಾಸಿದ ಬಿಳಿ ಬಣ್ಣ, ಒಳಗೆ ಕಾರ್ಪೆಟ್ಟಿನ ಬದಲು ರಬ್ಬರ್ ಹಾಸು, ರೇಡಿಯೋ ಇಲ್ಲ. ನೋಡಿದವರು ಯಾವುದೋ ಸರ್ಕಾರಿ ಕಚೇರಿಯ ಗಾಡಿ ಅಂದುಕೊಳ್ಳಬೇಕು. ಬೇಕೆಂದೇ ಹಾಗೆ ಇಟ್ಟದ್ದು: ಐಷಾರಾಮ ಕಡಿಮೆಯಾದಷ್ಟೂ ತೂಕ ಕಡಿಮೆ. ಬಾನೆಟ್ಟಿನಡಿ 383 ಘನ ಇಂಚಿನ, ಎಂದರೆ ಸುಮಾರು 6.3 ಲೀಟರಿನ ವಿ-8 ಎಂಜಿನ್, ಕಂಪನಿಯ ಲೆಕ್ಕದಲ್ಲಿ 330 ಅಶ್ವಶಕ್ತಿ. ನಾನು ಬಿಟ್ಟು ಬಂದ ಮೈಸೂರಿನಲ್ಲಿ ಡಾಕ್ಟರು, ವಕೀಲರು ಓಡಿಸುತ್ತಿದ್ದ ಫಿಯೆಟ್ 1100ರ ಎಂಜಿನ್ 1089 ಸಿಸಿ. ಗೇರ್ ಬದಲಿಸಲು ಕೋಲು ಇರಲಿಲ್ಲ. ಸ್ಟೀರಿಂಗಿನ ಎಡಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಸಾಲಾಗಿ ಗುಂಡಿಗಳು. ಕ್ರೈಸ್ಲರ್ ಕಂಪನಿ ಗುಂಡಿಗಳನ್ನು ಕೊಟ್ಟ ಕೊನೆಯ ವರ್ಷ ಅದು.

ಆ ಕಾರು ಶನಿವಾರ ರಾತ್ರಿ ಹೋಗುತ್ತಿದ್ದುದು ವುಡ್‌ವರ್ಡ್ ಅವೆನ್ಯೂಗೆ.

ಡೆಟ್ರಾಯಿಟ್ ನದಿಯ ದಂಡೆಯಿಂದ ಹೊರಟು ವಾಯವ್ಯಕ್ಕೆ ಸುಮಾರು 27 ಮೈಲಿ ಸಾಗಿ ಪಾಂಟಿಯಾಕ್ ಪಟ್ಟಣ ಮುಟ್ಟುವ ರಸ್ತೆ ಇದು. ಅಮೆರಿಕದಲ್ಲಿ ಮೊದಲ ಒಂದು ಮೈಲಿ ಕಾಂಕ್ರೀಟ್ ಹೆದ್ದಾರಿ ಹಾಕಿದ್ದು 1909ರಲ್ಲಿ ಇದರ ಮೇಲೆಯೇ. ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಶುರುಮಾಡಿದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆ ಇದರ ಬದಿಯಲ್ಲೇ ಇದೆ. ಆಗ ಕ್ರೈಸ್ಲರ್‌ನ ಮುಖ್ಯ ಕಚೇರಿ ಅಲ್ಲೇ ಹತ್ತಿರ, ಜನರಲ್ ಮೋಟಾರ್ಸ್‌ನದು ಇನ್ನೊಂದು ಕೂಗಳತೆಯಲ್ಲಿ, ರಸ್ತೆಯ ಕೊನೆಯಲ್ಲಿ ಪಾಂಟಿಯಾಕ್ ಕಾರುಗಳ ಕಾರ್ಖಾನೆ ಇದ್ದವು. ನಗರದ ಗಡಿಯಾದ ಎಯ್ಟ್ ಮೈಲ್ ರಸ್ತೆ ದಾಟಿದರೆ ಫರ್ನ್‌ಡೇಲ್, ರಾಯಲ್ ಓಕ್, ಬರ್ಮಿಂಗ್‌ಹ್ಯಾಮ್ ಎಂದು ಉಪನಗರಗಳ ಸಾಲು. ಅಲ್ಲಿ ರಸ್ತೆ ವಿಶಾಲ, ನೇರ, ನಡುವೆ ಹುಲ್ಲಿನ ವಿಭಜಕ, ಅಲ್ಲಲ್ಲಿ ಯೂಟರ್ನ್. ಆಗ ಒಂದು ಕಡೆ ಟೋಟೆಮ್ ಪೋಲ್, ಬಲು ದೂರ ಉತ್ತರಕ್ಕೆ ಟೆಡ್ಸ್ ಎಂಬ ಡ್ರೈವ್-ಇನ್ ಹೋಟೆಲುಗಳು. ಇವೆರಡರ ನಡುವೆ ಹುಡುಗರು ರಾತ್ರಿಯಿಡೀ ಹೋಗುವುದು, ಬರುವುದು. ಪೆಟ್ರೋಲು ಅಗ್ಗ. ರೇಸಿಗೆ ಇದಕ್ಕಿಂತ ಹೇಳಿಮಾಡಿಸಿದ ಜಾಗ ಬೇಕೆಂದೇ ಕಟ್ಟಿದ್ದರೂ ಆಗುತ್ತಿರಲಿಲ್ಲ.

ರೇಸ್ ಅಂದರೆ ಘೋಷಣೆ, ಬಾವುಟ ಏನೂ ಇಲ್ಲ. ಕೆಂಪು ದೀಪದಲ್ಲಿ ಇಬ್ಬರು ಅಕ್ಕಪಕ್ಕ ನಿಲ್ಲುತ್ತಾರೆ. ಒಬ್ಬ ಎಂಜಿನನ್ನು ಒಮ್ಮೆ ಗುರ್ ಅನ್ನಿಸುತ್ತಾನೆ, ಇನ್ನೊಬ್ಬ ತಲೆಯಾಡಿಸುತ್ತಾನೆ. ಹಸಿರು ಬಿದ್ದರೆ ಮುಂದಿನ ದೀಪದವರೆಗೆ. ಹಣ ಕಟ್ಟಿ ಓಡಿಸುವವರು ನಡುರಾತ್ರಿಯ ಮೇಲೆ ಹೊಸ ಹೆದ್ದಾರಿಗಳ ಕಡೆ ಹೋಗುತ್ತಿದ್ದರು. ಅಳತೆ ಎಲ್ಲ ಕಡೆಯೂ ಒಂದೇ, ಕಾಲು ಮೈಲಿ: 1320 ಅಡಿ, 402 ಮೀಟರ್. ಅಷ್ಟರಲ್ಲಿ ನನ್ನ ಗೆಳೆಯನಾಗಿದ್ದ ಯಜಮಾನರ ಮಗ, ಕೆಂಪು ದೀಪ ಬರುವ ಮೊದಲೇ ನನ್ನನ್ನು ಫುಟ್‌ಪಾತಿಗೆ ಇಳಿಸಿಬಿಡುತ್ತಿದ್ದ. ಕಾರಿನಲ್ಲಿ ಇನ್ನೊಬ್ಬ ಕೂತರೆ ಅಷ್ಟು ತೂಕ ಜಾಸ್ತಿ, ಅಷ್ಟು ತಡ. ಹಾಗಾಗಿ ನಾನು ಆ ರೇಸುಗಳನ್ನು ನೋಡಿದ್ದಕ್ಕಿಂತ ಕೇಳಿದ್ದು ಹೆಚ್ಚು. ಕತ್ತಲಲ್ಲಿ ಎರಡು ಕೆಂಪು ಹಿಂದೀಪಗಳು ಚಿಕ್ಕದಾಗುತ್ತ ಹೋಗುತ್ತವೆ. ಯಾರು ಮುಂದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಕಿವಿಗೆ ತಿಳಿಯುತ್ತದೆ. ಒಂದನೇ ಗೇರಿನಲ್ಲಿ ಸ್ವರ ಏರುತ್ತ ಏರುತ್ತ ಹೋಗಿ ಎಲ್ಲಿ ಮುರಿಯಿತು, ಎರಡನೆಯದಕ್ಕೆ ಬಿದ್ದಾಗ ತಡವರಿಸಿತೇ, ಟೈರು ಎಷ್ಟು ಹೊತ್ತು ಚೀರಿತು. ಟೈರು ಹೆಚ್ಚು ಹೊತ್ತು ಚೀರಿದರೆ ಅವನು ಸೋತ ಎಂದೇ ಅರ್ಥ, ಹೊಗೆ ನೋಡಿ ಹುಡುಗಿಯರು ಎಷ್ಟೇ ಕೂಗಿದರೂ.

ಕಾರು ಕಂಪನಿಗಳಿಗೂ ಈ ರಸ್ತೆಯ ಮೇಲೆ ಕಣ್ಣಿತ್ತು. ಜನರಲ್ ಮೋಟಾರ್ಸ್ 1963ರಲ್ಲಿ ತನ್ನ ವಿಭಾಗಗಳಿಗೆ ರೇಸಿಂಗ್ ಬೇಡವೆಂದು ಕಟ್ಟಪ್ಪಣೆ ಮಾಡಿತು. ಮರುವರ್ಷವೇ ಪಾಂಟಿಯಾಕ್‌ನವರು ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ ದೊಡ್ಡ ಕಾರಿನ 389 ಘನ ಇಂಚಿನ ಎಂಜಿನ್ ಕೂರಿಸಿ ಜಿಟಿಒ ಹೊರತಂದರು. ರಾಯಲ್ ಓಕ್‌ನ ರಾಯಲ್ ಪಾಂಟಿಯಾಕ್ ಎಂಬ ಮಾರಾಟಗಾರರು ಅದನ್ನು ಇನ್ನಷ್ಟು ಹದಗೊಳಿಸಿ ವುಡ್‌ವರ್ಡ್‌ಗೆ ಬಿಡುತ್ತಿದ್ದರು. ಜಾಹೀರಾತು ಕೆಲಸದ ಜಿಮ್ ವ್ಯಾಂಗರ್ಸ್ ಈ ಇಡೀ ಆಟದ ಸೂತ್ರಧಾರ. 1968ರಲ್ಲಿ ಪ್ಲಿಮತ್ ರೋಡ್ ರನ್ನರ್ ಬಂತು, ಬೆಲೆ 2900 ಡಾಲರಿನ ಆಸುಪಾಸು, ಲೈನಿನಲ್ಲಿ ಬೋಲ್ಟು ಬಿಗಿಯುವ ಹುಡುಗನಿಗೂ ಕಂತಿನಲ್ಲಿ ಎಟುಕುವಷ್ಟು. ಇವೆಲ್ಲದರ ಮೇಲೆ ಒಂದೇ ಒಂದು ಕಾರು ದಂತಕಥೆಯಾಗಿತ್ತು: ವುಡ್‌ವರ್ಡ್ ಬದಿಯಲ್ಲೇ ಸುನೋಕೋ ಪೆಟ್ರೋಲ್ ಬಂಕ್ ನೋಡಿಕೊಳ್ಳುತ್ತಿದ್ದ ಜಿಮ್ಮಿ ಆಡಿಸನ್ನರ 1967ರ ಪ್ಲಿಮತ್ ಜಿಟಿಎಕ್ಸ್, 'ಸಿಲ್ವರ್ ಬುಲೆಟ್'. ಹೆಮಿ ಎಂಜಿನ್ನನ್ನು ಕೊರೆದು ಹಿಗ್ಗಿಸಿದ್ದು. ಕಾಲು ಮೈಲಿಗೆ ಹತ್ತು ಸೆಕೆಂಡುಗಳ ಲೆಕ್ಕ. ಅದು ಬಂಕಿನಿಂದ ಹೊರಬಂದರೆ ಉಳಿದವರು ಸುಮ್ಮನೆ ದಾರಿ ಬಿಡುತ್ತಿದ್ದರು.

ಆದರೆ ನನ್ನನ್ನು ಹಿಡಿದಿಟ್ಟದ್ದು ದೀಪಗಳ ರಸ್ತೆಗಿಂತ ಹೆಚ್ಚಾಗಿ ಆ ಓಣಿಯ ಗ್ಯಾರೇಜು. ಹಗಲು ಹೊತ್ತು ತರಗತಿಯಲ್ಲಿ ದಹನದ ಸಮೀಕರಣಗಳನ್ನು ಬಿಡಿಸುತ್ತಿದ್ದೆ. ಸಂಜೆ ಯಜಮಾನರು ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನನ್ನ ಅಂಗೈಗೆ ಹಾಕಿ ಕೇಳುತ್ತಿದ್ದರು, "ಏನು ಹೇಳುತ್ತೆ ಓದು."

ಪ್ಲಗ್ ಓದುವುದು ಒಂದು ವಿದ್ಯೆ. ಸುಮ್ಮನೆ ನಿಂತ ಕಾರಿನ ಪ್ಲಗ್ ಬಿಚ್ಚಿದರೆ ಅದು ಏನೂ ಹೇಳುವುದಿಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತಿ ಓಡಿಸಿ, ಓಟದ ಕೊನೆಯಲ್ಲಿ ಒಂದೇ ಏಟಿಗೆ ನ್ಯೂಟ್ರಲ್ ಮಾಡಿ ಇಗ್ನಿಷನ್ ಆರಿಸಬೇಕು. ಗಾಡಿ ಉರುಳಿ ನಿಂತ ಜಾಗದಲ್ಲೇ ಬಿಸಿಬಿಸಿಯಾಗಿ ಬಿಚ್ಚಬೇಕು. ಆಗ ಆ ಕೊನೆಯ ಗಳಿಗೆಯ ಉರಿ ಪಿಂಗಾಣಿಯ ಮೇಲೆ ಬರೆದಿಟ್ಟಿರುತ್ತದೆ. ಬಿಳಿಚಿದ್ದರೆ ಪೆಟ್ರೋಲು ಸಾಲದು, ಪಿಸ್ಟನ್ ಸುಟ್ಟೀತು. ಮಸಿ ಹಿಡಿದಿದ್ದರೆ ಹೆಚ್ಚಾಯಿತು. ಡಿಕಾಕ್ಷನ್ನಿಗೆ ಹಾಲು ಹದವಾಗಿ ಬಿದ್ದಾಗಿನ ಬಣ್ಣ ಬಂದರೆ ಸರಿ. ಎಂಟು ಸಿಲಿಂಡರಿಗೆ ಎಂಟು ಪ್ಲಗ್, ಎಂಟೂ ಒಂದೇ ಬಣ್ಣ ಇರುವುದಿಲ್ಲ. ತುದಿಯ ಎರಡು ಯಾಕೆ ಬೇರೆ ಎಂದು ಅವರು ಕೇಳಿದಾಗಲೇ ಕಾರ್ಬುರೇಟರಿನಿಂದ ಸಿಲಿಂಡರಿಗೆ ಹೋಗುವ ದಾರಿಗಳ ಉದ್ದಗಿಡ್ಡ ನನ್ನ ತಲೆಗೆ ಹತ್ತಿದ್ದು. ಪಠ್ಯದಲ್ಲಿ ಆ ಅಧ್ಯಾಯವನ್ನು ಅದಕ್ಕೆ ಮೊದಲೇ ಓದಿ ಮುಗಿಸಿದ್ದೆ.

ಆ ಕಾರಿನ ಕಾರ್ಟರ್ ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆಯುವ ಸಣ್ಣ ಕಡ್ಡಿಗಳಿವೆ. ಮೇಲಿನ ಮುಚ್ಚಳ ಪೂರ್ತಿ ಬಿಚ್ಚದೆಯೇ ಅವನ್ನು ಬದಲಿಸಬಹುದು. ಬಗೆಬಗೆಯ ದಪ್ಪದ ಕಡ್ಡಿಗಳನ್ನು ಯಜಮಾನರು ಹಳೆಯ ಸಿಗಾರ್ ಪೆಟ್ಟಿಗೆಯಲ್ಲಿ ಅಂಕಿ ಬರೆದು ಜೋಡಿಸಿದ್ದರು. ಡಿಸ್ಟ್ರಿಬ್ಯೂಟರಿನೊಳಗಿನ ಪುಟ್ಟ ಸ್ಪ್ರಿಂಗುಗಳನ್ನು ಸಡಿಲಿಸಿದರೆ ಕಿಡಿ ಎಷ್ಟು ಬೇಗ ಮುಂದಕ್ಕೆ ಬರುತ್ತದೆ ಎಂಬುದನ್ನು ಟೈಮಿಂಗ್ ಲೈಟ್ ಹಿಡಿದು ಲೆಕ್ಕ ಹಾಕುತ್ತಿದ್ದೆವು. ಎಲ್ಲಕ್ಕಿಂತ ನನಗೆ ಹಿಡಿಸಿದ ಕೆಲಸ ಹಿಂದಿನ ಲೀಫ್ ಸ್ಪ್ರಿಂಗುಗಳದು, ಲಾರಿಯಡಿ ಕಾಣುವ ಅದೇ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಜೋರಾಗಿ ಹೊರಟಾಗ ಹಿಂದಿನ ಆಕ್ಸಲ್ ತಾನೇ ತಿರುಚಿಕೊಂಡು ಪಟ್ಟಿಗಳನ್ನು ಮಡಿಸಲು ನೋಡುತ್ತದೆ, ಚಕ್ರ ಕುಪ್ಪಳಿಸಿ ಹಿಡಿತ ತಪ್ಪುತ್ತದೆ. ಪಟ್ಟಿಗಳ ಮುಂದಿನ ಅರ್ಧವನ್ನು ಮಾತ್ರ ಕ್ಲಾಂಪಿನಿಂದ ಬಿಗಿಯಾಗಿ ಕಟ್ಟಿದರೆ ಅದು ಸನ್ನೆಯಾಗಿ ನಿಂತು ಟೈರನ್ನು ನೆಲಕ್ಕೆ ಒತ್ತುತ್ತದೆ. ಖರ್ಚು ಬಹಳ ಕಡಿಮೆ, ಗಳಿಕೆ ಬಹಳ. ಸೋದರಮಾವ ಮುರಿದ ಪಟ್ಟಿಗೆ ಕಟ್ಟು ಹಾಕಿ ಫಾರ್ಗೋವನ್ನು ಊರಿಗೆ ತರುತ್ತಿದ್ದ ಕೈಚಳಕವನ್ನು ಯಜಮಾನರಿಗೆ ವಿವರಿಸಿದೆ. ಅವರು ಕೆಲಸ ನಿಲ್ಲಿಸಿ ಕೇಳಿಸಿಕೊಂಡರು. "ನಿಮ್ಮ ಮಾವ ನಮ್ಮ ಡಿಪಾರ್ಟ್‌ಮೆಂಟಿಗೆ ಬೇಕಾಗಿತ್ತು" ಅಂದರು. ಮೈಸೂರಿಗೆ ಬರೆದ ಕಾಗದದಲ್ಲಿ ಆ ಮಾತನ್ನು ಹಾಗೇ ಬರೆದೆ.

ಆ ಊರಿನ ಸಂಪತ್ತು ಇದು ಎಂದು ನಾನು ನಂಬಿದ್ದೇನೆ. ಹಗಲು ಯಂತ್ರ ಮಾಡುವ ಕೈಗಳೇ ರಾತ್ರಿ ಅದನ್ನು ಬಿಚ್ಚಿ ನೋಡುತ್ತಿದ್ದವು. ಕಂಪನಿ ಕೊಟ್ಟದ್ದೇ ಕೊನೆ ಎಂದು ಯಾರೂ ಒಪ್ಪುತ್ತಿರಲಿಲ್ಲ.

ಹೀಗೆ ಬರೆಯುವಾಗ ಆ ರಸ್ತೆಯ ಇನ್ನೊಂದು ಮುಖವನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ನಾನು ಬರುವ ಹಿಂದಿನ ವರ್ಷ, 1967ರ ಜುಲೈನಲ್ಲಿ ಡೆಟ್ರಾಯಿಟ್ ಹೊತ್ತಿ ಉರಿದಿತ್ತು, 43 ಜನ ಸತ್ತಿದ್ದರು. ಎಯ್ಟ್ ಮೈಲ್ ರಸ್ತೆ ಬಿಳಿಯರ ಮತ್ತು ಕಪ್ಪು ಜನರ ನಡುವಿನ ಗೆರೆಯಾಗಿತ್ತು. ಡಾಡ್ಜ್ ಮೇನ್‌ನಲ್ಲಿ ಕಪ್ಪು ಕಾರ್ಮಿಕರು 1968ರಲ್ಲಿ ಡ್ರಮ್ ಎಂಬ ತಮ್ಮದೇ ಸಂಘಟನೆ ಕಟ್ಟಿ ಮುಷ್ಕರ ಹೂಡಿದ್ದರು. ಗೆಳೆಯನ ಪಕ್ಕದಲ್ಲೇ ಲೈನಿನಲ್ಲಿ ನಿಲ್ಲುತ್ತಿದ್ದ ಒಬ್ಬರ ಬಳಿ ಬಲು ಚೆನ್ನಾದ ಡಾಡ್ಜ್ ಇತ್ತು, ನಾವು ಕರೆದಾಗ ಅವರು ಬರಲಿಲ್ಲ. "ಆ ಗೆರೆ ದಾಟಿದ ಮೇಲೆ ಪೊಲೀಸಿನವನು ನಿನಗೆ ಚೀಟಿ ಬರೆದು ಕಳಿಸ್ತಾನೆ. ನನ್ನನ್ನು ಹಾಗೆ ಕಳಿಸಲ್ಲ" ಅಂದರು. ಕಂದುಬಣ್ಣದ ನನ್ನನ್ನು ಡ್ರೈವ್-ಇನ್‌ಗಳಲ್ಲಿ ದುರುಗುಟ್ಟಿ ನೋಡಿದವರಿದ್ದರು. ಆ ಡಾಡ್ಜ್‌ನವರು ಹೇಳಿದ್ದರ ಭಾರದ ಮುಂದೆ ಅದು ಏನೂ ಅಲ್ಲ.

ಮತ್ತೆ, ರಸ್ತೆ ರೇಸಿನವರದಲ್ಲ. ಒಂದು ರಾತ್ರಿ ನಮ್ಮ ಕಣ್ಣೆದುರೇ ಇನ್ಯಾರದೋ ಕಾರು ಹಿಡಿತ ತಪ್ಪಿ ವಿಭಜಕ ಹಾರಿ, ಎದುರಿನಿಂದ ಬರುತ್ತಿದ್ದ ಚಿಕ್ಕ ಕಾರಿಗೆ ಬಡಿಯಿತು. ಪಾಳಿ ಮುಗಿಸಿ ಮನೆಗೆ ಹೊರಟಿದ್ದ ನರ್ಸ್ ಒಬ್ಬಾಕೆ ಅದರಲ್ಲಿದ್ದಳು. ಜೀವ ಉಳಿಯಿತು, ಕಾಲು ಮೊದಲಿನಂತಾಗಲಿಲ್ಲ ಎಂದು ಆಮೇಲೆ ಕೇಳಿದೆವು. ಮರುದಿನ ಬೆಳಗ್ಗೆ ಯಜಮಾನರು ಮಾತಿಲ್ಲದೆ ಗ್ಯಾರೇಜಿಗೆ ಹೋದರು, ಸವಾಯ್‌ನ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಅದಿಲ್ಲದೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. "ಕಾಲು ಮೈಲಿ ಬೇಕಾದರೆ ದುಡ್ಡು ಕೊಟ್ಟು ಓಡಿಸು. ಎದುರಿನಿಂದ ಯಾರೂ ಬರದ ಕಡೆ" ಎಂದು ಮಗನಿಗೆ ಹೇಳಿದರು. ಅವನು ಎದುರಾಡಲಿಲ್ಲ. ಈಗ ಬೆಂಗಳೂರಿನ ಫ್ಲೈಓವರುಗಳ ಮೇಲೆ ರಾತ್ರಿ ಬೈಕ್ ಹಾರಿಸುವ ಹುಡುಗರ ಸುದ್ದಿ ಓದಿದಾಗ, ಅವರ ಮನೆಗಳಲ್ಲೂ ರೋಟರ್ ಕಿತ್ತಿಡುವ ಯಜಮಾನರೊಬ್ಬರು ಇರಲಿ ಎಂದು ಮನಸಾರೆ ಬಯಸುತ್ತೇನೆ.

ಊರಿನ ದಕ್ಷಿಣಕ್ಕೆ, ಸಿಬ್ಲಿ ಮತ್ತು ಡಿಕ್ಸ್ ರಸ್ತೆಗಳು ಕೂಡುವಲ್ಲಿ ಡೆಟ್ರಾಯಿಟ್ ಡ್ರ್ಯಾಗ್‌ವೇ ಎಂಬ, ಕಾಲು ಮೈಲಿಯ ರೇಸಿಗೆಂದೇ ಕಟ್ಟಿದ ಜಾಗ ಇತ್ತು. 1959 ಮತ್ತು 1960ರ ರಾಷ್ಟ್ರೀಯ ಡ್ರ್ಯಾಗ್ ಪಂದ್ಯಗಳು ನಡೆದದ್ದು ಅಲ್ಲೇ. ಆ ಪಂದ್ಯಗಳನ್ನು ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆಯನ್ನು ವಾಲಿ ಪಾರ್ಕ್ಸ್ 1951ರಲ್ಲಿ ಕಟ್ಟಿದ್ದೇ ಬೀದಿಯ ಹುಡುಗರನ್ನು ಸುರಕ್ಷಿತ ಜಾಗಕ್ಕೆ ತರಲೆಂದು. ಎರಡು ಪಟ್ಟಿ ರಸ್ತೆ, ಮುಂದೆ 'ಕ್ರಿಸ್‌ಮಸ್ ಟ್ರೀ' ಎಂದು ಕರೆಯುವ ದೀಪದ ಕಂಬ, ಕೊನೆಯಲ್ಲಿ ಗಡಿಯಾರ. ಇಲ್ಲಿ ನನಗೊಂದು ಸೋಜಿಗ ಕಾದಿತ್ತು. ಗಡಿಯಾರ ಹಸಿರು ದೀಪಕ್ಕೆ ಶುರುವಾಗುವುದಿಲ್ಲ, ಕಾರು ಕದಲಿದಾಗ ಶುರುವಾಗುತ್ತದೆ. ಹಾಗಾಗಿ ಕಡಿಮೆ ಸಮಯದಲ್ಲಿ ಓಡಿದವನೂ ದೀಪಕ್ಕೆ ತಡವಾಗಿ ಎಚ್ಚೆತ್ತರೆ ಸೋಲುತ್ತಾನೆ. ಯಂತ್ರದ ಲೆಕ್ಕ ಬೇರೆ, ಮನುಷ್ಯನ ಲೆಕ್ಕ ಬೇರೆ. ಎಯ್ಟ್ ಮೈಲ್ ದಾಟಲೊಲ್ಲದ ಆ ಡಾಡ್ಜ್‌ನವರು ಇಲ್ಲಿಗೆ ಬಂದರು, ನಮ್ಮನ್ನು ಸಲೀಸಾಗಿ ಸೋಲಿಸಿದರು, ಆಮೇಲೆ ನಮ್ಮ ಪ್ಲಗ್ ಓದಿ ಕಡ್ಡಿ ಒಂದು ಅಳತೆ ತೆಳ್ಳಗೆ ಮಾಡಿ ಎಂದರು. ಹಾಗೆ ಮಾಡಿದ ಮೇಲೆ ಸವಾಯ್ ಹದಿನಾಲ್ಕು ಸೆಕೆಂಡಿನೊಳಗೆ ಬಂತು.

ಈ ಕಾಲು ಮೈಲಿ ಯಾರನ್ನೆಲ್ಲ ಎತ್ತಿತು! ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಬೀದಿ ರೇಸಿನಿಂದಲೇ ಶುರುಮಾಡಿದ ಶರ್ಲಿ ಮುಲ್ಡೌನಿ ಮುಂದೆ ಮಿಷಿಗನ್‌ಗೆ ಬಂದು ನೆಲೆಸಿ, 1977, 1980, 1982ರಲ್ಲಿ ಅತಿ ವೇಗದ ಟಾಪ್ ಫ್ಯೂಯಲ್ ವರ್ಗದ ಚಾಂಪಿಯನ್ ಆದರು. ಲಾಸ್ ಏಂಜಲಿಸ್‌ನಲ್ಲಿ 'ಬಿಗ್ ವಿಲ್ಲಿ' ರಾಬಿನ್‌ಸನ್ 1965ರ ವಾಟ್ಸ್ ಗಲಭೆಯ ನಂತರ ಎಲ್ಲ ಜನಾಂಗದ ಹುಡುಗರನ್ನೂ ರೇಸಿನ ನೆಪದಲ್ಲಿ ಒಂದುಗೂಡಿಸಿ, 1974ರಲ್ಲಿ ಟರ್ಮಿನಲ್ ದ್ವೀಪದಲ್ಲಿ ಅವರಿಗೊಂದು ರೇಸಿನ ಪಟ್ಟಿ ತೆರೆದರು. ಇಂಥವರ ಹೆಸರು ಕಾರುಗಳ ಹೆಸರಿನಷ್ಟು ನೆನಪಿನಲ್ಲಿ ಉಳಿಯದೆ ಹೋದದ್ದು ನನಗೆ ಬೇಸರದ ಸಂಗತಿ.

1969ರ ಡಿಸೆಂಬರ್ ಒಂದರಂದು ಸೈನ್ಯದ ಲಾಟರಿ ನಡೆಯಿತು. ಹುಟ್ಟಿದ ದಿನಾಂಕಗಳನ್ನು ಚೀಟಿ ಎತ್ತಿ ವಿಯೆಟ್ನಾಂಗೆ ಕಳಿಸುವ ಸಾಲು ಗೊತ್ತುಮಾಡಿದರು. ಗೆಳೆಯನ ದಿನ ಬೇಗ ಬಂತು. ಅವನು ಹೊರಟ ಮೇಲೆ ಸವಾಯ್ ಗ್ಯಾರೇಜಿನಲ್ಲಿ ಇಟ್ಟಿಗೆಗಳ ಮೇಲೆ ನಿಂತಿತು. ಓಡದ ಎಂಜಿನ್ ಒಳಗೇ ತುಕ್ಕು ಹಿಡಿದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಅದಕ್ಕೆ ಯಜಮಾನರು ಭಾನುವಾರ ಚರ್ಚಿನಿಂದ ಬಂದು ಬಟ್ಟೆ ಬದಲಿಸಿ, ಎಂಟೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಡುತ್ತಿದ್ದರು. ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಉದ್ದ ಹ್ಯಾಂಡಲ್ ಹಾಕಿ ನಾನು ತಿರುಗಿಸುತ್ತಿದ್ದೆ, ಅವರು ಕಿವಿಗೊಟ್ಟು ಕೇಳುತ್ತಿದ್ದರು. ಪ್ಲಗ್ಗಿನ ತೂತುಗಳಿಂದ ಉಸಿರು ಹೋಗಿ ಬರುವ ಸದ್ದು. ಮನೆಯಾಕೆ ಬಾಗಿಲಲ್ಲಿ ನಿಂತು, "ತಿರುಗುತ್ತಾ?" ಎಂದು ಕೇಳುತ್ತಿದ್ದಳು. "ತಿರುಗುತ್ತೆ" ಎಂದರೆ ಒಳಗೆ ಹೋಗುತ್ತಿದ್ದಳು. ಮಗನ ವಿಷಯ ಅವರಿಬ್ಬರೂ ನನ್ನೆದುರು ಆಡುತ್ತಿದ್ದುದು ಅಷ್ಟೇ. ನಾನು ಓದು ಮುಗಿಸಿ ಎಂಜಿನ್ ಪರೀಕ್ಷಾ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಬೇರೆ ಮನೆ ಮಾಡಿದ ಮೇಲೂ ಭಾನುವಾರ ಅಲ್ಲಿಗೆ ಹೋಗುತ್ತಿದ್ದೆ.

ಅವನು ವಾಪಸು ಬಂದ. ಕಾರು ಹೊತ್ತಿಕೊಂಡಿತು, ಮೊದಲ ಯತ್ನಕ್ಕೇ. ಆದರೆ ಜೋರು ಸದ್ದು ಅವನಿಗೆ ಆಗುತ್ತಿರಲಿಲ್ಲ. ಹಳೆಯ ಸೈಲೆನ್ಸರುಗಳನ್ನು ಹುಡುಕಿ ಹಾಕಿಸಿದ, ಅದರಲ್ಲೇ ತಾಯಿಯನ್ನು ಅಂಗಡಿಗೆ ಕರೆದೊಯ್ಯುತ್ತಿದ್ದ. ಅಷ್ಟರಲ್ಲಿ ಊರೂ ಬದಲಾಗುತ್ತಿತ್ತು. ಹರೆಯದವರ ದೊಡ್ಡ ಎಂಜಿನ್ನಿಗೆ ವಿಮೆಯ ಕಂತು ಕಾರಿನ ಕಂತನ್ನೇ ಮೀರಿಸಿತು. 1970ರ ಶುದ್ಧ ಗಾಳಿ ಕಾಯ್ದೆಗೆ ತಕ್ಕಂತೆ ಎಂಜಿನ್ನುಗಳ ಒತ್ತಡ ಇಳಿಸಿದರು. ಆ ಕಾಯ್ದೆ ಬೇಕಾಗಿತ್ತು, ಅದಕ್ಕಾಗಿ ಲ್ಯಾಬಿನಲ್ಲಿ ದುಡಿದವರಲ್ಲಿ ನಾನೂ ಒಬ್ಬ, ಮತ್ತು ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಬಂಕುಗಳ ಮುಂದೆ ಸಾಲು ನಿಂತಿತು. ಸವಾಯ್ ಒಹಾಯೋದ ಯಾರೋ ಹುಡುಗನಿಗೆ ಮಾರಾಟವಾಯಿತು. ಕಡ್ಡಿಗಳ ಸಿಗಾರ್ ಪೆಟ್ಟಿಗೆಯನ್ನು ಯಜಮಾನರು ಕಾರಿನ ಜೊತೆ ಕೊಡಲಿಲ್ಲ, ಅದನ್ನು ನನಗೆ ಕೊಟ್ಟರು. ಡಾಡ್ಜ್ ಮೇನ್ 1980ರಲ್ಲಿ ಮುಚ್ಚಿತು. ಅದನ್ನು ಕೆಡವಿದ ನೆಲದ ಮೇಲೆ ಜನರಲ್ ಮೋಟಾರ್ಸ್ ಕಟ್ಟಿದ ಕಾರ್ಖಾನೆಯಿಂದ ಈಗ ಹೊರಬರುವುದು ವಿದ್ಯುತ್ ವಾಹನಗಳು.

1995ರಲ್ಲಿ ಫರ್ನ್‌ಡೇಲ್‌ನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲು ವುಡ್‌ವರ್ಡ್ ಡ್ರೀಮ್ ಕ್ರೂಸ್ ಶುರುಮಾಡಿದರು. ಪ್ರತಿ ಆಗಸ್ಟಿನಲ್ಲಿ ಹಳೆಯ ಕಾರುಗಳು ರಸ್ತೆ ತುಂಬುತ್ತವೆ, ಮುಂದೆ ಸಾಗಲು ಜಾಗವಿರುವುದಿಲ್ಲ, ಪೊಲೀಸರು ನಗುತ್ತ ಕೈಬೀಸುತ್ತಾರೆ. ನಾನು ತಪ್ಪದೆ ಹೋಗುತ್ತೇನೆ. ಕನ್ನಡಿಯಂತೆ ಮಿರುಗುವ, ಟ್ರೈಲರಿನಲ್ಲಿ ತಂದಿಳಿಸುವ ಕಾರುಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ರಬ್ಬರ್ ಹಾಸಿನ ಕಾರು ಹುಡುಕುತ್ತೇನೆ. ಕಳೆದ ಸಲ ರಾಯಲ್ ಓಕ್ ಬಳಿ 1964ರ ಬೆಲ್ವಡೀರ್ ಒಂದು ಬದಿಗೆ ನಿಂತಿತ್ತು, ಅದೇ 383. ಯುವಕನೊಬ್ಬ ಬಾನೆಟ್ಟಿನೊಳಗೆ ತಲೆಹಾಕಿದ್ದ. ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತದೆ, ಕಂಪ್ಯೂಟರ್ ಇಲ್ಲದ ಗಾಡಿ, ಯಾರನ್ನು ಕೇಳುವುದು ಎಂದ. ಇನ್ನೊಮ್ಮೆ ಒತ್ತು ಎಂದೆ, ಕೇಳಿದೆ. ಪ್ಲಗ್ ಬಿಚ್ಚಿಸಿದೆ. ಬಿಳಿಚಿತ್ತು. ಮೊಮ್ಮಗಳನ್ನು ಮನೆಗೆ ಕಳಿಸಿ ಸಿಗಾರ್ ಪೆಟ್ಟಿಗೆ ತರಿಸಿದೆ. ಯಜಮಾನರ ಕೈಯಕ್ಷರದ ಅಂಕಿ ನೋಡಿ ಕಡ್ಡಿ ಬದಲಿಸಿದೆವು, ಒಮ್ಮೆ ಹೆಚ್ಚಾಯಿತು, ಮತ್ತೆ ಬದಲಿಸಿದೆವು. ಕತ್ತಲಾಗುವ ಹೊತ್ತಿಗೆ ಎಂಜಿನ್ ಮುಗ್ಗರಿಸುವುದನ್ನು ಬಿಟ್ಟಿತು. ಆ ಹುಡುಗ ಪ್ಲಗ್ಗನ್ನು ಹೇಗೆ ಓದಿದಿರಿ, ಮೊದಲಿನಿಂದ ಹೇಳಿ ಎಂದ. ಅವನಿಗೂ ಮೊಮ್ಮಗಳಿಗೂ ಒಟ್ಟಿಗೆ ಹೇಳಿಕೊಟ್ಟೆ.